ಶನಿವಾರದ ಪಾರ್ಟಿ, ಭಾನುವಾರದ ಎಮರ್ಜೆನ್ಸಿ

ನಮ್ಮ ಕನ್ನಡ ಬಳಗದಲ್ಲಿ ಕಣ್ಣೆದುರೇ ಬೆಳೆದ ಇಬ್ಬರು ಹುಡುಗಿಯರು ಈ ವರ್ಷ ನರ್ಸಿಂಗ್ ಓದು ಮುಗಿಸಿ ಎಮರ್ಜೆನ್ಸಿ ವಿಭಾಗಕ್ಕೆ ಸೇರುತ್ತಿದ್ದಾರೆ. “ಆಂಟಿ, ಅಲ್ಲಿ ನಿಜವಾಗಿ ಹೇಗಿರತ್ತೆ ಹೇಳಿ” ಎಂದು ಕೇಳಿದರು. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀರಿ, ಬರೆದು ಕೊಡುತ್ತೇನೆ ಎಂದೆ. ನನಗೆ ಯಾವಾಗ ಬಡ್ತಿ ಬಂತು, ನಿವೃತ್ತಿಯ ದಿನ ಯಾರು ಏನು ಮಾತಾಡಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರ ರಕ್ತದೊತ್ತಡವೂ ಇಳಿಯುವುದಿಲ್ಲ.

ಟೊರಾಂಟೊದ ಪೂರ್ವಕ್ಕಿರುವ ಒಂದು ಆಸ್ಪತ್ರೆಯಲ್ಲಿ ಬಹಳ ವರ್ಷ ನಾನು ಬಾಗಿಲ ಬಳಿಯ ನರ್ಸ್ ಆಗಿದ್ದೆ. ಬಂದವರಲ್ಲಿ ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರು ಕಾಯಬಹುದು ಎಂದು ನೋಡಿ ತೀರ್ಮಾನಿಸುವ ಕೆಲಸ. ಎಲ್ಲ ಬಗೆಯ ರೋಗಿಗಳನ್ನೂ ನೋಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ಒಂದೇ ಬಗೆಯವರ ವಿಷಯ: ಪಾರ್ಟಿಗೆ ಹೋಗಿ ಬಂದ ಎಳೆಯರು. ಅವರು ತೆಗೆದುಕೊಂಡದ್ದರಲ್ಲಿ ಹೆಚ್ಚಿನದು ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವಂಥದ್ದು. ನಾವು ಕೇಳಬೇಕಾದ ಒಂದು ಪ್ರಶ್ನೆಯ ಮೇಲೆ ಒಬ್ಬ ಹುಡುಗಿಯ ಕಾಲು ಉಳಿಯುವುದೋ ಹೋಗುವುದೋ ಎಂಬುದು ನಿಂತದ್ದನ್ನು ಕಂಡಿದ್ದೇನೆ. ನಾನು ಮುಖ್ಯವಾಗಿ ಹೇಳಬೇಕಾದದ್ದು ಅದನ್ನು. ಆದರೆ ಮೊದಲಿನದು ಮೊದಲು.

ನಾನು ಕಲಿತದ್ದು ಬೆಳಗಾವಿಯಲ್ಲಿ. ನಮ್ಮ ಮೇಟ್ರನ್ ಹಾಸಿಗೆಯ ಚಾದರದ ಮೂಲೆ ಮಡಿಸುವುದರಿಂದ ಪಾಠ ಶುರುಮಾಡುತ್ತಿದ್ದರು. ಮಡಿಕೆ ಸರಿಯಿಲ್ಲದಿದ್ದರೆ ಇಡೀ ಹಾಸಿಗೆ ಕಿತ್ತೆಸೆದು “ಮತ್ತೊಮ್ಮೆ” ಎನ್ನುವರು. ಆಗ ಅಳು ಬರುತ್ತಿತ್ತು. ಕೆನಡಾಕ್ಕೆ ಬಂದು ಮತ್ತೆ ಪರೀಕ್ಷೆ ಬರೆದು ಇಲ್ಲಿ ಕೆಲಸಕ್ಕೆ ನಿಂತ ಮೇಲೆ ಅದರ ಬೆಲೆ ತಿಳಿಯಿತು. ಎಮರ್ಜೆನ್ಸಿಯಲ್ಲಿ ಸುತ್ತ ಎಲ್ಲರೂ ಕೂಗುತ್ತಿರುವಾಗ ನಿಮ್ಮನ್ನು ಕಾಯುವುದು ಬುದ್ಧಿಯಲ್ಲ, ಕ್ರಮ. ಮೊದಲು ಉಸಿರು ನೋಡಿ. ಆಮೇಲೆ ತುಟಿಯ ಬಣ್ಣ. ಆಮೇಲೆ ಮುಟ್ಟಿ ನೋಡಿ, ಬೆಚ್ಚಗಿದೆಯೇ ತಣ್ಣಗಿದೆಯೇ. ಮಾತು ಕೊನೆಗೆ. ಹೆಚ್ಚಿನವರು ಮಾತಿನಿಂದ ಶುರುಮಾಡಿ ಎಡವುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಕಾಲೇಜು ಊರಾದ ಒಶಾವಾ ಕಡೆಯಿಂದ ಒಂದು ಕಾರು ಬಂದು ಬಾಗಿಲಿಗೇ ನಿಂತಿತು. ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗರು. ಹಿಂದಿನ ಸೀಟಿನಲ್ಲಿ ಒಬ್ಬ ಅಂಗಾತ ಬಿದ್ದಿದ್ದ. ಅವನ ಗೊರಕೆ ಹೊರಗೆ ನಿಂತ ನನಗೂ ಕೇಳಿಸುತ್ತಿತ್ತು, ತುಟಿ ನೀಲಿಗಟ್ಟಿತ್ತು. ಒಳಗೆ ಸಾಗಿಸಿ, ಡಾಕ್ಟರ್ ಕೈಗೆ ಕೊಟ್ಟು, ಹೊರಗೆ ನಿಂತಿದ್ದ ಗೆಳೆಯನನ್ನು ಕೇಳಿದೆ. ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಅವನು ಕನ್ನಡಕ್ಕೇ ತಿರುಗಿದ. ಬೆಂಗಳೂರಿನ ಮನೆಯವರ ಹುಡುಗ.

“ನಿದ್ದೆ ಮಾಡ್ತಿದ್ದ ಆಂಟಿ. ಗೊರಕೆ ಹೊಡೀತಿದ್ದ. ಚೆನ್ನಾಗೇ ಇದ್ದಾನೆ ಅನ್ಕೊಂಡ್ವಿ.”

“ಹೇಗೆ ಮಲಗಿಸಿದ್ರಿ?”

“ದಿಂಬು ಇಟ್ಟು ಅಂಗಾತ. ನಿಂಬೆಹಣ್ಣಿನ ಜ್ಯೂಸೂ ಕುಡಿಸಿದ್ವಿ. ನಮ್ಮಜ್ಜಿ ಹೇಳ್ತಿರ್ತಾರೆ, ಅಮಲು ಇಳಿಯತ್ತೆ ಅಂತ.”

“ಅಜ್ಜಿಗೆ ಇದೂ ಗೊತ್ತೇನಪ್ಪ! ಆಂಬುಲೆನ್ಸ್ ಯಾಕೆ ಕರೀಲಿಲ್ಲ?”

ಅವನು ನೆಲ ನೋಡಿದ. “ಕರೆದ್ರೆ ಮನೆಗೆ ಕಾಗದ ಹೋಗತ್ತೆ ಅಂತ ಯಾರೋ ಅಂದ್ರು. ಅವನಪ್ಪ ತುಂಬಾ ಸ್ಟ್ರಿಕ್ಟು. ಕರೀಬೇಕೋ ಬೇಡ್ವೋ ಅಂತ ನಾವು ಜಗಳ ಆಡ್ತಾ ಕೂತ್ಬಿಟ್ವಿ ಆಂಟಿ.”

ಅಂಗಾತ ಮಲಗಿದವನಿಗೆ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿದಿತ್ತು. ನಿಂಬೆರಸವೂ ಅದೇ ದಾರಿ ಹಿಡಿದಿತ್ತು. ಎಬ್ಬಿಸಿದರೆ ಏಳದವನ ಗೊರಕೆ ನಿದ್ದೆಯ ಗೊರಕೆಯಲ್ಲ, ಗಂಟಲು ಮುಚ್ಚಿಕೊಳ್ಳುತ್ತಿರುವ ಸದ್ದು. ಇದನ್ನು ನಿಮ್ಮ ತಮ್ಮಂದಿರಿಗೆ, ತಂಗಿಯರಿಗೆ ಹೇಳಿಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಒಬ್ಬನನ್ನೇ ಬಿಡಬಾರದು, ಆಂಬುಲೆನ್ಸಿಗೆ ಫೋನು ಮಾಡಬೇಕು. ಜಗಳ ಆಮೇಲೆ ಆಡಲಿ.

ಆ ಗೆಳೆಯನಿಗೆ ಬೈಯಲು ಬಾಯಿ ತೆರೆದಿದ್ದೆ. ನಮ್ಮ ಪಾಳಿಯ ಮುಖ್ಯಸ್ಥೆ ಮಾರ್ಲೀನ್ ಎದುರಿನಿಂದ ಬಂದು ಕಣ್ಣಲ್ಲೇ ತಡೆದಳು. ಜಮೈಕಾದಿಂದ ಬಂದವಳು, ಎತ್ತರದ ಆಳು, ಶೂ ಸದ್ದಿಗೇ ನಾವೆಲ್ಲ ನೆಟ್ಟಗಾಗುತ್ತಿದ್ದೆವು. ಅವಳು ಹುಡುಗನ ಹೆಗಲ ಮೇಲೆ ಕೈಯಿಟ್ಟು, ನೀನು ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು, ಮುಂದಿನ ಸಲ ಇನ್ನೂ ಬೇಗ ಬಾ ಎಂದಳು. ಆಮೇಲೆ ನನ್ನನ್ನು ಬದಿಗೆ ಕರೆದು ಹೇಳಿದ್ದು ಇಷ್ಟೇ: ಇವತ್ತು ನೀನು ಬೈದು ಕಳಿಸಿದರೆ ನಾಳೆ ಇವರು ಯಾರನ್ನೂ ಇಲ್ಲಿಗೆ ತರುವುದಿಲ್ಲ.

ಒಳಗೆ ಮಲಗಿದ್ದ ಹುಡುಗನ ತಂದೆ ಮಾರ್ಕಮ್‌ನಿಂದ ಬಂದರು. ಮೈಸೂರಿನವರು, ಕಂಪ್ಯೂಟರ್ ಕೆಲಸ. “ನಮ್ಮ ಹುಡುಗ ಅಂಥವನಲ್ಲಮ್ಮ, ಯಾರೋ ಏನೋ ಬೆರೆಸಿರಬೇಕು” ಎಂದು ಮತ್ತೆ ಮತ್ತೆ ಹೇಳಿದರು. ಯಾರೂ ಏನೂ ಬೆರೆಸಿರಲಿಲ್ಲ. ಯಾರು ಬೇಗ ಗ್ಲಾಸು ಖಾಲಿ ಮಾಡುತ್ತಾರೆ ಎಂಬ ಪಂದ್ಯ, ಜೊತೆಗೆ ನಿದ್ದೆ ಬರಬಾರದೆಂದು ಎನರ್ಜಿ ಡ್ರಿಂಕು. ಅದು ಎಚ್ಚರವಿಡುತ್ತದೆಯೇ ಹೊರತು ಅಮಲು ಇಳಿಸುವುದಿಲ್ಲ. ಎಚ್ಚರವಿದ್ದವನು ಇನ್ನಷ್ಟು ಕುಡಿಯುತ್ತಾನೆ. ಹುಡುಗ ಬಹಳ ದಿನ ಐಸಿಯುವಿನಲ್ಲಿದ್ದು ಮನೆಗೆ ಹೋದ.

ನಗು ಬರಿಸಿದವರೂ ಇದ್ದಾರೆ. ಗಾಂಜಾ ಇಲ್ಲಿ ಕಾನೂನುಬದ್ಧವಾದ ಮೇಲೆ ನಮ್ಮಲ್ಲಿಗೆ ಹೊಸ ಬಗೆಯ ರೋಗಿಗಳು ಬರತೊಡಗಿದರು. ಬೆಂಗಳೂರಿನಿಂದ ಬಂದು ಇನ್ನೂ ಚಳಿಗಾಲ ಕಾಣದ ಒಬ್ಬ ತರುಣನನ್ನು ಅವನ ರೂಮ್‌ಮೇಟು ಎತ್ತಿಕೊಂಡೇ ಬಂದ. ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ ಒಂದು ತಿಂದನಂತೆ, ಏನೂ ಆಗಲಿಲ್ಲವಂತೆ, ಕೊಟ್ಟ ದುಡ್ಡು ದಂಡವಾಯಿತೆಂದು ಇನ್ನೆರಡು ತಿಂದನಂತೆ. ಸೇದಿದ್ದು ಕೂಡಲೇ ಏರುತ್ತದೆ, ತಿಂದದ್ದು ಹೊಟ್ಟೆಯಿಂದ ನಿಧಾನಕ್ಕೆ ಏರಿ ಬಹಳ ಹೊತ್ತು ನಿಲ್ಲುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ.

“ಸಿಸ್ಟರ್, ನನ್ನ ಹಾರ್ಟು ನಿಂತೋಗಿದೆ.”

“ನಿಂತಿದ್ರೆ ನೀವು ಇಷ್ಟು ಸ್ಪಷ್ಟವಾಗಿ ಕನ್ನಡ ಮಾತಾಡ್ತಿರಲಿಲ್ಲ.”

“ಅಮ್ಮಂಗೆ ಫೋನ್ ಮಾಡಿ, ನಾನು ಒಳ್ಳೆ ಮಗನಾಗಿದ್ದೆ ಅಂತ ಹೇಳಿ.”

“ನಾಳೆ ನೀವೇ ಹೇಳಿ. ಅವರು ನಂಬ್ತಾರಾ ನೋಡೋಣ.”

ಸಂಜೆಗೆ ಅವನು ಎರಡು ಸ್ಯಾಂಡ್‌ವಿಚ್ ತಿಂದು, ನಾಚಿಕೊಂಡು, ಹೋದ. ಆದರೆ ಅವನಂತೆ ಬಂದವರೆಲ್ಲ ಸ್ಯಾಂಡ್‌ವಿಚ್ ತಿಂದು ಹೋಗಲಿಲ್ಲ. ಮನೆತನದಲ್ಲೇ ಮಾನಸಿಕ ಕಾಯಿಲೆಯಿದ್ದ ಒಬ್ಬ ಹುಡುಗನಿಗೆ ಆ ಭಯ ಇಳಿಯದೆ ತಿಂಗಳುಗಟ್ಟಲೆ ಉಳಿಯಿತು. ಯಾರಿಗೆ ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕೇ ನಕ್ಕರೂ ನಾಡಿ ಹಿಡಿದೇ ನಗಬೇಕು.

ಇನ್ನು ಕೇಳುವ ವಿಧಾನದ ಮಾತು. ನಾನು ಸೇರಿದಾಗ ನಾವು ಕೇಳುತ್ತಿದ್ದುದು “ಡ್ರಗ್ಸ್ ತಗೋತೀಯಾ?” ಎಂದು. ಎಲ್ಲರೂ ಇಲ್ಲ ಎನ್ನುತ್ತಿದ್ದರು. ಸುಳ್ಳು ಹೇಳುತ್ತಾರೆಂದು ನಾವು ಅಂದುಕೊಳ್ಳುತ್ತಿದ್ದೆವು. ಬಹಳಷ್ಟು ಸಲ ಅದು ಸುಳ್ಳಲ್ಲ. ಅಂಗಡಿಯಲ್ಲಿ ರಸೀದಿ ಕೊಟ್ಟು ಮಾರುವುದು ಅವರ ಲೆಕ್ಕದಲ್ಲಿ ಡ್ರಗ್ಸ್ ಅಲ್ಲ. ಕಾನೂನು ಒಪ್ಪಿದ್ದನ್ನು ದೇಹವೂ ಒಪ್ಪುತ್ತದೆ ಎಂದು ಅವರ ನಂಬಿಕೆ. ಮಾರ್ಲೀನ್ ನಮ್ಮೆಲ್ಲರ ಪ್ರಶ್ನೆ ಬದಲಿಸಿದಳು. ಏನು ಕುಡಿದೆ, ಏನು ತಿಂದೆ, ಏನು ಸೇದಿದೆ, ಏನು ಮೂಗು ಬಾಯಿಂದ ಎಳೆದುಕೊಂಡೆ. ನಾಲ್ಕನ್ನೂ ಕೇಳಬೇಕು, ಬಿಡಿಬಿಡಿಯಾಗಿ ಕೇಳಬೇಕು, ಊಟದ ಬಗ್ಗೆ ವಿಚಾರಿಸುವ ದನಿಯಲ್ಲಿ ಕೇಳಬೇಕು. ಇನ್ನೊಂದು: ಕೇಳುವಾಗ ಅಪ್ಪ ಅಮ್ಮ ಕೋಣೆಯಲ್ಲಿರಬಾರದು.

ನಾಲ್ಕನೆಯ ಪ್ರಶ್ನೆಯ ಅರ್ಥ ನನಗೆ ತಿಳಿದದ್ದು ಒಬ್ಬ ಯುವಕನ ತುಟಿಯಿಂದ. ಬೇಸಿಗೆಯ ಉರಿಬಿಸಿಲಲ್ಲಿ ಬಂದವನ ತುಟಿಗೆ ಹಿಮ ಸುಟ್ಟ ಗಾಯ! ಕೇಕಿನ ಮೇಲೆ ಹಾಕುವ ಕೆನೆ ಉಬ್ಬಿಸಲು ಸಣ್ಣ ಉಕ್ಕಿನ ಡಬ್ಬಿಗಳಲ್ಲಿ ಒಂದು ಗ್ಯಾಸ್ ಬರುತ್ತದೆ. ಅದನ್ನು ಬಲೂನಿಗೆ ತುಂಬಿ ಎಳೆದುಕೊಂಡರೆ ಒಂದೆರಡು ನಿಮಿಷ ತಲೆ ಹಗುರ, ಸುಮ್ಮನೆ ನಗು. ಅವನು ಬಲೂನಿಗೂ ಕಾಯದೆ ಡಬ್ಬಿಯ ಬಾಯಿಗೇ ಬಾಯಿ ಹಚ್ಚಿದ್ದ. ಡಬ್ಬಿಯಿಂದ ನೇರವಾಗಿ ನುಗ್ಗುವ ಗ್ಯಾಸ್ ಹಿಮಕ್ಕಿಂತ ತಣ್ಣಗಿರುತ್ತದೆ. ಆ ದಿನ ಕೆಲಸದಲ್ಲಿದ್ದವರು ಡಾಕ್ಟರ್ ಅಡಾ, ನೈಜೀರಿಯಾ ಮೂಲದವರು, ರೋಗಿ ಹೋದ ಮೇಲೆ ಐದು ನಿಮಿಷ ನಮಗೆ ಪಾಠ ಹೇಳದೆ ಬಿಡುತ್ತಿರಲಿಲ್ಲ. ತುಟಿ ವಾಸಿಯಾಗುತ್ತದೆ, ನಾನು ಹೆದರುವುದು ಬೆನ್ನುಹುರಿಯ ಬಗ್ಗೆ ಎಂದರು. ಈ ಗ್ಯಾಸ್ ಮೈಯಲ್ಲಿರುವ ಬಿ-ಹನ್ನೆರಡು ವಿಟಮಿನ್ನನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ನರಗಳ ಮೇಲಿನ ಹೊದಿಕೆ ಕಳಚುತ್ತ ಬರುತ್ತದೆ. ಆ ವಿಟಮಿನ್ ಮೊದಲೇ ಕಡಿಮೆಯಿದ್ದವರಿಗೆ ಪೆಟ್ಟು ಬೇಗ, ಹೆಚ್ಚು. ಯಾರಿಗೆ ಕಡಿಮೆ ಇರುತ್ತದೆ ಎಂದು ಕೇಳಿ ನನ್ನ ಕಡೆ ನೋಡಿದರು. ಮಾಂಸ ಮೊಟ್ಟೆ ಮುಟ್ಟದವರಿಗೆ, ಅಂದೆ. ಅಂದರೆ ನನ್ನ ಅರ್ಧ ನೆಂಟರಿಗೆ.

ಈಗ ಆ ಹುಡುಗಿಯ ವಿಷಯ. ಹೆಸರು ಬದಲಿಸಿದ್ದೇನೆ, ಮೇಘನಾ ಎನ್ನೋಣ. ತಾಯಿ ಮಗಳು ಇಬ್ಬರೂ “ಬರೀರಿ” ಎಂದ ಮೇಲೆಯೇ ಬರೆಯುತ್ತಿದ್ದೇನೆ.

ಧಾರವಾಡದ ಕಡೆಯ ಮನೆ. ತಂದೆಗೆ ವುಡ್‌ಬ್ರಿಡ್ಜ್‌ನಲ್ಲಿ ಒಂದು ಪೀಠೋಪಕರಣ ಕಾರ್ಖಾನೆಯಲ್ಲಿ ಕೆಲಸ. ತಾಯಿ ಗಿರಿಜಾ ಮನೆಯಲ್ಲೇ ಹೋಳಿಗೆ, ರೊಟ್ಟಿ ಮಾಡಿ ಕನ್ನಡದ ಮನೆಗಳಿಗೆ ಕೊಡುವಾಕೆ. ಬಳಗದ ಕಾರ್ಯಕ್ರಮಗಳಲ್ಲಿ ನನಗೆ ಪರಿಚಯ. ಮಗಳು ಒಶಾವಾದಲ್ಲಿ ಓದುತ್ತ, ಅಲ್ಲೇ ಗೆಳತಿಯರ ಜೊತೆ ರೂಮು ಮಾಡಿದ್ದಳು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ತಾಯಿ ಮಗಳನ್ನು ತೋಳು ಹಿಡಿದು ನಡೆಸಿಕೊಂಡು ಬಂದರು. ಹುಡುಗಿ ಪಾದ ಅಗಲಿಸಿ, ನೆಲ ನೋಡಿಕೊಂಡು, ತೋಯ್ದ ಹಲಗೆಯ ಮೇಲೆ ಹೆಜ್ಜೆಯಿಡುವಂತೆ ನಡೆಯುತ್ತಿದ್ದಳು. ಒಂದು ಚಪ್ಪಲಿ ಬಾಗಿಲಲ್ಲೇ ಕಳಚಿ ಬಿದ್ದಿತ್ತು. ಅದು ಅವಳಿಗೆ ಗೊತ್ತಾಗಿರಲಿಲ್ಲ.

“ಶಾರದಕ್ಕಾರ, ನೀವ ಇದ್ದದ್ದು ಚಲೋ ಆತ್ರಿ” ಎಂದರು ಗಿರಿಜಾ. “ಕಾಲು ಜುಂ ಅಂತಾವಂತ. ವಾಕ್-ಇನ್ ಕ್ಲಿನಿಕ್ಕಿಗೆ ಹೋಗಿದ್ವಿ. ಪರೀಕ್ಷಿ ಟೆನ್ಶನ್ ಇರಬೇಕು ಅಂತಂದು ವಿಟಮಿನ್ ಗುಳಿಗಿ ಕೊಟ್ರು. ತಗೋಳಾಕ ಹತ್ತ್ಯಾಳ, ಕಡಿಮಿ ಆಗವಲ್ದು. ನಿನ್ನೆ ಮುಖಕ್ಕ ಸಾಬಾಣ ಹಚಗೊಂಡು ಕಣ್ಣು ಮುಚ್ಯಾಳ, ಧಪ್ಪಂತ ಬಿದ್ದಾಳ್ರಿ.”

ಪಾದ ನೋಡಿದೆ. ಅಂಗಾಲಲ್ಲಿ ದೊಡ್ಡ ಬೊಬ್ಬೆ.

“ಇದೇನ್ರಿ?”

“ನಾನ ಬಿಸಿನೀರಿನ ಚೀಲಾ ಇಟ್ಟಿದ್ದೆ. ಜುಂ ಹೋಗಲಿ ಅಂತ.”

“ಬಿಸಿ ಹತ್ತಲಿಲ್ಲೇನವಾ?” ಎಂದು ಹುಡುಗಿಯನ್ನು ಕೇಳಿದೆ.

“ಇಲ್ಲ ಆಂಟಿ. ಐ ಡಿಡಂಟ್ ಫೀಲ್ ಎನಿಥಿಂಗ್.”

ಡಾಕ್ಟರ್ ಅಡಾ ಹೇಳಿದ್ದ ಬೆನ್ನುಹುರಿಯ ಮಾತು ನೆನಪಾಯಿತು. ಆದರೆ ಕ್ರಮ ಕ್ರಮವೇ. ಅವಳನ್ನು ಒಳಗಿನ ಕೋಣೆಗೆ ಒಯ್ದು, ತಾಯಿಗೆ ಹೊರಗೆ ಕೂರಲು ಹೇಳಿದೆ.

“ನನ್ನ ಮುಂದ ಹೇಳಬಾರದಂಥಾದ್ದು ಅಕಿಗೇನೈತ್ರಿ?”

“ಏನೂ ಇರಲಿಕ್ಕಿಲ್ರಿ. ಎಲ್ಲಾರಿಗೂ ಹಿಂಗ ಮಾಡ್ತೀವಿ. ನನ್ನ ಮಗ ಬಂದ್ರೂ ನಾನು ಹೊರಗ ಕೂಡಬೇಕು.”

ಅವರು ಬಾಗಿಲಿನತ್ತ ಹೋಗುತ್ತ ತಿರುಗಿ ಹೇಳಿದರು: “ಕೇಳ್ರಿ ಬೇಕಾದ್ರ. ನಮ್ಮ ಹುಡುಗಿ ಕುಡಿಯಾಕಿ ಅಲ್ಲ, ಸೇದಾಕಿ ಅಲ್ಲ. ಇಷ್ಟು ವರ್ಷ ಈ ದೇಶದಾಗಿದ್ದು ಮೊಟ್ಟಿ ಹಾಕಿದ ಕೇಕು ಸೈತ ತಿಂದಿಲ್ಲ.”

ಅದು ಪೂರ್ತಿ ನಿಜವಾಗಿತ್ತು. ಕುಡಿದೆಯಾ? ಇಲ್ಲ. ಮಿಠಾಯಿ, ಮಾತ್ರೆ ಏನಾದರೂ ತಿಂದೆಯಾ? ಇಲ್ಲ. ಸೇದಿದೆಯಾ? “ಛೀ, ಇಲ್ಲ.” ನಾಲ್ಕನೆಯದು ಕೇಳಿದೆ. ಅವಳು ಹಾಸಿಗೆಯ ಅಂಚನ್ನು ಬೆರಳಲ್ಲಿ ತೀಡುತ್ತ ಕೂತಳು.

“ಬಲೂನ್ ಅಷ್ಟ. ಅದು ಡ್ರಗ್ ಅಲ್ಲ ಆಂಟಿ. ಇಟ್ಸ್ ಲೀಗಲ್. ಕೇಕ್ ಮಾಡೋರು ಯೂಸ್ ಮಾಡ್ತಾರ.”

“ಗೊತ್ತೈತವಾ. ಎಷ್ಟು ದಿನದಿಂದ?”

“ಮೊದಲು ಪಾರ್ಟಿಗಳಾಗ ಒಂದೊಂದು. ಆಮ್ಯಾಲೆ ಮಿಡ್‌ಟರ್ಮ್ ಟೈಮಿನಾಗ ನಿದ್ದಿನ ಬರತಿರಲಿಲ್ಲ. ರೂಮಿನಾಗ ಒಬ್ಬಾಕಿನ... ಬಹಳ.” ಅಳು ಬಂತು. ಒರೆಸಿಕೊಂಡು ಹೇಳಿದಳು: “ಒಶಾವಾಕ್ಕ ಬರೋವಾಗ ಮಮ್ಮಿ ನನ್ನ ಕೈಯಾಗ ಲಿಂಗ ಹಿಡಿಸಿ ಆಣಿ ಮಾಡಿಸ್ಯಾಳ. ಕುಡಿಯಂಗಿಲ್ಲ, ಸೇದಂಗಿಲ್ಲ, ಮೊಟ್ಟಿ ಮಾಂಸ ಮುಟ್ಟಂಗಿಲ್ಲ. ಪಾರ್ಟಿಯಾಗ ಎಲ್ಲಾರ ಕೈಯಾಗ ಗ್ಲಾಸ್ ಇರತೈತಿ, ನಾ ಒಬ್ಬಾಕಿನ ಸುಮ್ಮನ ನಿಂತಿರತಿದ್ದೆ. ಬಲೂನ್ ಬಂದಾಗ ಅನಸ್ತು, ಇದು ಆಣಿಯಾಗ ಇಲ್ಲಲಾ ಅಂತ. ವಾಸನಿನೂ ಬರೂದಿಲ್ಲ. ನಾ ಒಂದು ಮಾತೂ ಮುರಿದಿಲ್ಲ ಆಂಟಿ. ಐ ಕೆಪ್ಟ್ ಆಲ್ ಆಫ್ ಇಟ್.”

ಆಣೆ ಮುರಿದ ಎಷ್ಟೋ ಮಂದಿಯನ್ನು ಆ ಕೋಣೆಯಲ್ಲಿ ಕಂಡಿದ್ದೆ. ಆಣೆಯನ್ನು ಚಾಚೂ ತಪ್ಪದೆ ನಡೆಸಿಯೇ ಅಲ್ಲಿಗೆ ಬಂದವಳು ಇವಳೊಬ್ಬಳೇ. ಕುಡಿಯಬಾರದೆಂದು ಬಲೂನು ಹಿಡಿದಳು. ಮೊಟ್ಟೆ ಮಾಂಸ ಮುಟ್ಟದ ಮೈಯಲ್ಲಿ ಆ ಬಲೂನನ್ನು ತಡೆಯುವ ಶಕ್ತಿ ಮೊದಲೇ ಕಡಿಮೆಯಿತ್ತು.

“ನಾ ಮೊದಲಿನಂಗ ನಡೀತೀನಿಲ್ಲೋ ಆಂಟಿ?”

“ಡಾಕ್ಟರ್ ನೋಡ್ತಾರ. ಜಲ್ದಿ ಬಂದೀ ಅನ್ನಲಿಕ್ಕೆ ಬರೂದಿಲ್ಲ, ತಡಾ ಆಗೇತಿ ಅಂತನೂ ಅನ್ನೂದಿಲ್ಲ.”

“ಮಮ್ಮಿಗೆ ಹೇಳ್ತೀರೇನು?”

“ಇಲ್ಲ. ಡಾಕ್ಟರಿಗೆ ಹೇಳ್ತೀನಿ, ಅದು ಹೇಳಲೇಬೇಕು. ಮಮ್ಮಿಗೆ ಹೇಳೂದು ನಿನಗ ಬಿಟ್ಟದ್ದು.”

ಡಾಕ್ಟರ್ ಅಡಾ ಬಂದರು. ಕಣ್ಣು ಮುಚ್ಚಿಸಿ, ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ ಯಾವ ಕಡೆ ಎಂದು ಕೇಳಿದರೆ ಹುಡುಗಿಗೆ ಹೇಳಲು ಬರಲಿಲ್ಲ. ರಕ್ತದಲ್ಲಿ ಬಿ-ಹನ್ನೆರಡರ ಪ್ರಮಾಣ ಸರಿಯಾಗಿಯೇ ಇತ್ತು! ಇದನ್ನು ನೆನಪಿಡಿ. ಗುಳಿಗೆ ನುಂಗುತ್ತಿದ್ದಳಲ್ಲ, ವಿಟಮಿನ್ ರಕ್ತದಲ್ಲಿ ಕಾಣಿಸುತ್ತಿತ್ತು, ಗ್ಯಾಸಿನ ದೆಸೆಯಿಂದ ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಬಲೂನಿನ ಸಂಗತಿ ತಿಳಿಯದಿದ್ದರೆ ಎಲ್ಲ ಸರಿಯಿದೆ ಎಂದು ಇನ್ನೊಮ್ಮೆ ಮನೆಗೆ ಕಳಿಸುವ ಸಾಧ್ಯತೆ ಇತ್ತು, ಅವಳು ರೂಮಿಗೆ ಹೋಗಿ ಇನ್ನೊಂದು ಬಲೂನು ಹಿಡಿಯುವ ಸಾಧ್ಯತೆಯೂ. ಡಾಕ್ಟರ್ ಬೇರೆ ರಕ್ತಪರೀಕ್ಷೆ ಬರೆದರು, ಬೆನ್ನಿನ ಸ್ಕ್ಯಾನ್ ಮಾಡಿಸಿದರು. ಫಲಿತಾಂಶಕ್ಕೆ ಕಾಯದೆ ಇಂಜೆಕ್ಷನ್ ಶುರುಮಾಡಿಸಿ ವಾರ್ಡಿಗೆ ಸೇರಿಸಿದರು. ಸ್ಕ್ಯಾನಿನಲ್ಲಿ ಬೆನ್ನುಹುರಿಯ ಹಿಂಭಾಗದಲ್ಲಿ ಊತ ಕಂಡಿತು. ಗ್ಯಾಸ್ ಪೂರ್ತಿ ಬಿಟ್ಟರೆ ಬಹುಮಟ್ಟಿಗೆ ಸುಧಾರಿಸಬಹುದು, ಮತ್ತೆ ಮುಟ್ಟಿದರೆ ಮಾತು ಕೊಡಲಾರೆ ಎಂದರು.

ಮಾರನೆಯ ದಿನ ಕಾಫಿ ಯಂತ್ರದ ಬಳಿ ಗಿರಿಜಾ ನನ್ನನ್ನು ತಡೆದರು.

“ಅಕಿ ನಿಮ್ಮ ಮುಂದ ಏನೋ ಹೇಳ್ಯಾಳ. ಡಾಕ್ಟರು ಬರ್ತಾರ, ನನ್ನ ನೋಡಿ ಮಾತು ನಿಲ್ಲಸ್ತಾರ. ಹೇಳ್ರಿ ಅಕ್ಕಾರ.”

“ಮಗಳ್ನ ಕೇಳ್ರಿ.”

“ಹೆತ್ತಾಕಿ ನಾನು. ನಿಮ್ಮ ಮನಿ ಹಬ್ಬಕ್ಕ ಹೋಳಗಿ ಮಾಡಿ ಕೊಟ್ಟಾಕಿ ನಾನು. ನೀವು ನಮ್ಮವರಲ್ಲೇನು?”

“ಹೊರಗ ನಿಮ್ಮಾಕಿನರಿ. ಇಲ್ಲಿ ಅಕಿ ನರ್ಸ್ ಅದೀನಿ.”

“ಭಾಳ ದೊಡ್ಡಾಕಿ ಆಗೀರಿ ಬಿಡ್ರಿ” ಎಂದು ಕಪ್ಪನ್ನು ಅಲ್ಲೇ ಬಿಟ್ಟು ಹೋದರು.

ಇದು ನಮ್ಮ ಜನರ ನಡುವೆ ಕೆಲಸ ಮಾಡುವ ನಿಮಗೆ ಬಂದೇ ಬರುತ್ತದೆ. ಅಲ್ಲಿ ನೀವು ಬಾಯಿ ಬಿಟ್ಟರೆ ಆ ಸುದ್ದಿ ಬಳಗವೆಲ್ಲ ಹರಡುತ್ತದೆ. ಮುಂದಿನ ಹುಡುಗಿ ನಿಮ್ಮ ಹೆಸರಿನ ಪಟ್ಟಿ ನೋಡಿಯೇ ಬಾಯಿ ಮುಚ್ಚುತ್ತಾಳೆ. ಹಾಗೆಂದು ಅದು ಸುಲಭವಲ್ಲ. ಆ ದಿನ ನಾನು ಉಂಡದ್ದು ಮೈಗೆ ಹತ್ತಲಿಲ್ಲ.

ಸಂಜೆ ಪಾಳಿ ಮುಗಿಸಿ ವಾರ್ಡಿಗೆ ಹೋದೆ. ಮೇಘನಾಳೇ ಹೇಳಿಕಳಿಸಿದ್ದಳು, ಜೊತೆಗಿರಿ ಎಂದು. ನಾನು ಗೋಡೆಗೆ ಒರಗಿ ನಿಂತೆ. ಅವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಗಿರಿಜಾಗೆ ಅರ್ಥವಾಗಲಿಲ್ಲ.

“ಬಲೂನು? ಹುಟ್ಟಿದ ಹಬ್ಬಕ್ಕ ಕಟ್ಟತಾರಲ್ಲ, ಆ ಬಲೂನೇನು?”

“ಹೂಂ ಮಮ್ಮಿ. ಒಳಗ ಗ್ಯಾಸ್ ಇರತೈತಿ.”

“ಕುಡಿದಿದ್ರರ ನನಗ ವಾಸನಿ ಬರತಿತ್ತಲ್ಲೇ!” ಎಂದು ಆಕೆ ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. “ವಾರಾ ವಾರಾ ಬಾಗಿಲಾಗ ನಿಂತು ಅಪ್ಪಿಕೊಂಡು ವಾಸನಿ ನೋಡ್ತಿದ್ನಲ್ಲೇ ನಾನು! ನನ್ನ ಮಗಳು ಹೆಂಗ ಹೋಗಿದ್ಲು ಹಂಗ ಬಂದಾಳ ಅಂತ ದೇವರಿಗೆ ಕೈ ಮುಗೀತಿದ್ನಲ್ಲೇ!”

“ನಾ ಆಣಿ ಮುರಿದಿಲ್ಲ ಮಮ್ಮಿ.”

ಗಿರಿಜಾ ಕುರ್ಚಿಯಲ್ಲಿ ಕುಸಿದು, ಚೂಡಿದಾರದ ದುಪಟ್ಟಾ ಬಾಯಿಗೆ ಒತ್ತಿಕೊಂಡರು. ಯಾರಿಗೂ ಅಲ್ಲದಂತೆ, “ನನಗ ಗೊತ್ತಿದ್ದದ್ದಕ್ಕ ಅಷ್ಟ ನಾ ಆಣಿ ತಗೊಂಡೆ” ಎಂದರು. “ಇಂಥಾದ್ದು ಐತಿ ಅಂತ ನನಗ ಗೊತ್ತ ಇರಲಿಲ್ಲ.”

“ನನಗೂ ಗೊತ್ತಿರಲಿಲ್ಲ ಮಮ್ಮಿ. ಕಾಲು ಹೋಗತಾವ ಅಂತ.”

ಆಗ ನಾನು ಹೊರಗೆ ಬಂದೆ. ಅಲ್ಲಿ ನರ್ಸಿಗೆ ಕೆಲಸವಿರಲಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ಇಂಜೆಕ್ಷನ್ ವಾರಕ್ಕೊಂದು ಎಂದಾಯಿತು. ಪ್ರತಿ ಸಲ ಡಾಕ್ಟರ ಬಳಿ ಹೋಗುವ ಬದಲು ಮನೆಯಲ್ಲೇ ಕೊಡಲು ಕಲಿಯಬಹುದು ಎಂದರು ಡಾಕ್ಟರ್. ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಗಿರಿಜಾ ನನ್ನ ಮೇಲಿನ ಸಿಟ್ಟು ಇನ್ನೂ ಬಿಟ್ಟಿರಲಿಲ್ಲ; ಬಂದು ಎದುರು ಕೂತು, ಮುಖ ನೋಡದೆ ಕೈ ಚಾಚಿದರು. ಕಿತ್ತಳೆ ಹಣ್ಣಿಗೆ ನೀರು ಚುಚ್ಚಿ ತೋರಿಸಿದೆ. ಅವರು ಹಿಡಿದ ಸೂಜಿ ಸಿಪ್ಪೆಯ ಮೇಲೆ ಜಾರಿತು.

“ಕೈ ಗಟ್ಟಿ ಇಡ್ರಿ. ಹೋಳಗಿ ಕಣಕ ನಾದೋ ಕೈ ಅದು.”

“ಕಣಕ ಹೊಟ್ಟಿಯಾಗ ಹುಟ್ಟಿರಂಗಿಲ್ರಿ ಅಕ್ಕಾರ” ಎಂದರು. ಅಂದ ಮೇಲೆ ನನ್ನ ಮುಖ ನೋಡಿದರು. ನಮ್ಮಿಬ್ಬರ ನಡುವಿನ ಸಿಟ್ಟು ಅಲ್ಲಿಗೆ ಮುಗಿಯಿತು.

ನಾನು ನಿವೃತ್ತಳಾದ ಮೇಲಿನ ಮೊದಲ ಚಳಿಗಾಲದಲ್ಲಿ ಮಾರ್ಕಮ್‌ನ ಇಂಡಿಯನ್ ಅಂಗಡಿಯಲ್ಲಿ ಗಿರಿಜಾ ಸಿಕ್ಕರು. ಮೇಘನಾ ಓದಿಗೆ ಮರಳಿದ್ದಾಳೆ, ಈಗ ಮನೆಯಿಂದಲೇ ಹೋಗಿಬರುತ್ತಾಳೆ. ಕೋಲಿಲ್ಲದೆ ನಡೆಯುತ್ತಾಳೆ. ಬಲ ಪಾದದ ಅಡಿ ಮಾತ್ರ ಇನ್ನೂ ದಪ್ಪ ಕಾಲುಚೀಲ ಹಾಕಿದಂತಿದೆಯಂತೆ. ಮೆಟ್ಟಿಲು ಇಳಿಯುವಾಗ ಕೆಳಗೆ ನೋಡಿಯೇ ಇಳಿಯಬೇಕು. ಅದು ಹೀಗೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಡುವೆ ಒಮ್ಮೆ ಹಳೆಯ ಗೆಳತಿಯರ ಪಾರ್ಟಿಯಲ್ಲಿ ಯಾರೋ ಬಲೂನು ಚಾಚಿದ್ದರಂತೆ. ಇವಳು ಚಪ್ಪಲಿ ಬಿಚ್ಚಿ ಅಂಗಾಲಿನ ಕಲೆ ತೋರಿಸಿದಳಂತೆ.

“ಅದನ್ನ ಅಕಿನ ನನಗ ಹೇಳಿದ್ಲು ಅಕ್ಕಾರ. ಗುರುವಾರ ಸಂಜಿಗೆ ಸೂಜಿ ಚುಚ್ಚೂ ಹೊತ್ತಿನಾಗ. ಅಡಿಗಿಮನಿ ಕುರ್ಚಿಮ್ಯಾಲೆ ಕುಂಡರತಾಳ, ಅಂಗಿ ತೋಳು ಏರಸ್ತಾಳ, ಅಕಡೆ ಮಾರಿ ಮಾಡಿ ಮಾತು ಶುರು ಮಾಡ್ತಾಳ. ಯಾರ ಜೊತಿ ಹೋಗಿದ್ದೆ, ಏನಿತ್ತು, ಯಾರು ಏನು ತಗೊಂಡ್ರು, ಎಲ್ಲಾನೂ. ಮೊದಲ ನಡುವ ಬಾಯಿ ಹಾಕಿ ಬೈತಿದ್ದೆ. ಈಗ ಕೇಳತೀನಿ. ಬೈದ್ರ ಬಾಯಿ ಮುಚಗೋತಾಳ ಅಂತ ಗೊತ್ತಾಗೇತಿ.”

“ಇಂಜೆಕ್ಷನ್ ಇನ್ನೂ ವಾರಕ್ಕೊಂದೇನ್ರಿ?”

“ಇಲ್ರಿ. ಹೋದ ತಿಂಗಳ ಡಾಕ್ಟರು ಇನ್ನ ತಿಂಗಳಿಗೊಂದು ಸಾಕು ಅಂದ್ರು. ಆ ಗುರುವಾರ ನಾ ಕಾಯಿಪಲ್ಲೆ ಹೆಚ್ಚಗೋತ ನಿಂತಿದ್ದೆ. ಅಕಿ ಬಂದು ಕುರ್ಚಿಮ್ಯಾಲೆ ಕುಂತ್ಲು. ‘ಈ ವಾರ ಸೂಜಿ ಇಲ್ಲವಾ’ ಅಂದೆ. ‘ಗೊತ್ತೈತಿ ಮಮ್ಮಿ’ ಅಂದ್ಲು.”

ಗಿರಿಜಾ ತಳ್ಳುಗಾಡಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದರು.

“ಏಳಲೇ ಇಲ್ರಿ ಅಕ್ಕಾರ. ಸುಮ್ಮನ ಅಕಡೆ ಮಾರಿ ಮಾಡಿ ಮಾತು ಶುರು ಮಾಡಿದ್ಲು.”